ದೊಡ್ಡಮ್ಮ ಹೇಳಿದ ಪಿಕ್ಚರು

ಮೊನ್ನೆ ಮಧ್ಯಾಹ್ನ ಹೋಗಿದ್ದ ಕರೆಂಟು ಬಂದ ಕೂಡಲೇ ಟೀವಿ ತಾನಾಗಿ ಆನ್ ಆಗಿ ಯಾವುದೋ ಹಳೇ ಕಪ್ಪುಬಿಳುಪು ತೆಲುಗು ಪಿಕ್ಚರು ಬರತೊಡಗಿತು. ಆರಿಸೋಣವೆಂದು ರಿಮೋಟು ಹುಡುಕಿದೆ. ನಮ್ಮ ಮನೆಯಲ್ಲಿ ರಿಮೋಟು ಬೇಕಾದಾಗ ಸಿಕ್ಕಿದ್ದುಂಟೇ? ದಿಂಬು ಎತ್ತಿ, ಪೇಪರು ಕೊಡವಿ ಹುಡುಕುತ್ತಿರುವಷ್ಟರಲ್ಲಿ ಕಾಸಗಲ ಕುಂಕುಮದ ನಾಯಕಿ ಗಂಡನ ಷರಟಿಗೆ ಗುಂಡಿ ಹೊಲಿಯುತ್ತಾ, ಅದರ ಜೇಬಿನಿಂದ ಇನ್ಯಾರದೋ ಕಿವಿಯೋಲೆಯೊಂದನ್ನು ಹೊರತೆಗೆದಳು. ಅಯ್ಯೋ ನನ್ನ ತಾಯಿ! ನಾನು ಸೋಫಾದ ತುದಿಯಲ್ಲಿ ಹಾಗೇ ಕೂತುಬಿಟ್ಟೆ. ಜನ್ಮದಲ್ಲಿ ಒಂದು ಸಲವೂ ನೋಡದ ಪಿಕ್ಚರು ಅದು. ಆದರೆ ಮುಂದಿನದೆಲ್ಲ ನನಗೆ ಬಾಯಿಪಾಠ.

ಅದು ಹೇಗೆ ಅಂತೀರಾ? ಯಲ್ದೂರಿನ ನಮ್ಮ ದೊಡ್ಡಮ್ಮನ ಪುಣ್ಯ. ಅಮ್ಮನ ಅಕ್ಕ ಈಕೆ. ಶ್ರೀನಿವಾಸಪುರದ ಟೆಂಟಿಗೆ ಹೊಸ ಪಿಕ್ಚರು ಬಂತೆಂದರೆ ಊರಿನ ಹೆಂಗಸರೆಲ್ಲ ಸೇರಿ ದೊಡ್ಡಮ್ಮನನ್ನು ಕಳಿಸುತ್ತಿದ್ದರು, ಎಲ್ಲರ ಪರವಾಗಿ ನೋಡಿಕೊಂಡು ಬರಲಿ ಅಂತ. ತೆಲುಗಿನದೋ ಕನ್ನಡದ್ದೋ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಬೈಯುವುದು ಒಂದರಲ್ಲಾದರೆ ಮುದ್ದು ಮಾಡುವುದು ಇನ್ನೊಂದರಲ್ಲಿ. ಬಂದು ಕೂತಳೋ, ಮುಗಿಯಿತು. ಲಟ್ಟಣಿಗೆ ಹಿಡಿದರೆ ಖಳನಾಯಕ, ಸೆರಗು ಹೊದ್ದರೆ ಅತ್ತೆ. ಪಿಕ್ಚರಿಗಿಂತ ಅವಳು ಹೇಳುವ ಕಥೆಯೇ ಉದ್ದ. ನಾನಂತೂ ಅವಳು ನೀರು ಕುಡಿಯಲು ನಿಲ್ಲಿಸಿದಾಗಲೂ ಅಳುತ್ತಿದ್ದೆ. "ಏನೇ ಇದು, ಇನ್ನೂ ಏನೂ ಆಗಿಲ್ಲ ಕಣೇ, ತಡಿ!" ಎಂದು ರೇಗುತ್ತಿದ್ದಳು.

ದೊಡ್ಡಮ್ಮನ ಇನ್ನೊಂದು ಸ್ವಭಾವ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವಳ ಬಾಯಲ್ಲಿ ಅಶುಭದ ಮಾತು ಬರುವಂತಿರಲಿಲ್ಲ. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಡಬ್ಬಿಯಲ್ಲಿ ಅಕ್ಕಿ ತಳ ಕಂಡರೆ "ಅಕ್ಕಿ ತುಂಬಿದೆ, ತರಿಸ್ರೀ" ಅನ್ನುತ್ತಿದ್ದಳು. ಎಲ್ಲ ಮನೆಯಲ್ಲೂ ಇದು ಇದ್ದದ್ದೇ, ಆದರೆ ದೊಡ್ಡಮ್ಮನದು ಒಂದು ಕೈ ಮೇಲು. ನಾನು ಬೇಕೆಂದೇ "ದೊಡ್ಡಮ್ಮಾ, ಅಕ್ಕಿ ಖಾಲಿ" ಎಂದರೆ, "ಬಿಡ್ತು ಅನ್ನೇ ಮುಂಡೇದೇ!" ಎಂದು ತಲೆಗೆ ಮೊಟಕುತ್ತಿದ್ದಳು.

ಈ ಪಿಕ್ಚರಿನ ಕಥೆ ಹೇಳಿದ್ದು ಅವಳ ಮಗಳು ಪದ್ಮಕ್ಕನ ಮದುವೆಗೆ ಹಪ್ಪಳ ಒತ್ತುವಾಗ. ಅಂಗಳದಲ್ಲಿ ಹಳೇ ಪಂಚೆ ಹಾಸಿ ಕೇರಿಯ ಹೆಂಗಸರೆಲ್ಲ ಕೂತಿದ್ದರು. ಮದುವಣಗಿತ್ತಿ ಪದ್ಮಕ್ಕ ಕೆಲಸ ಮಾಡುವಂತಿರಲಿಲ್ಲ, ಕಂಬಕ್ಕೆ ಒರಗಿ ಕೇಳುತ್ತಿದ್ದಳು. ನಾನು ಹಸಿ ಹಿಟ್ಟು ಕದ್ದು ತಿನ್ನುತ್ತಿದ್ದೆ. ಕಥೆ ಇಷ್ಟೇ: ಆ ಗಂಡನಿಗೆ ಬೇರೆ ಊರಲ್ಲಿ ಮೊದಲೇ ಒಬ್ಬ ಹೆಂಡತಿ ಇರುತ್ತಾಳೆ. ಅದನ್ನು ಮುಚ್ಚಿಟ್ಟು ನಾಯಕಿಯನ್ನು ಮದುವೆಯಾಗಿರುತ್ತಾನೆ. ಗುಟ್ಟು ರಟ್ಟಾದ ಮೇಲೆ ಮನೆ ಬಿಟ್ಟು ಹೋಗಿ, ಕೊನೆಗೊಂದು ದಿನ ಬಂದು ಬಾಗಿಲು ತಟ್ಟುತ್ತಾನೆ. ಅಲ್ಲಿಗೆ ಬಂದ ದೊಡ್ಡಮ್ಮ ಯಾಕೋ ನಿಲ್ಲಿಸಿದಳು.

"ಆಮೇಲೆ ಏನಾಯ್ತಮ್ಮಾ?" ಎಂದಳು ಪದ್ಮಕ್ಕ.

ದೊಡ್ಡಮ್ಮ ಮಗಳ ಅರಿಶಿನದ ಮುಖ ನೋಡಿದಳು. ಹಪ್ಪಳಕ್ಕೆ ಎಣ್ಣೆ ಸವರಿದಳು. "ಆಮೇಲೇನು, ಬಾಗ್ಲು ತೆಗೆದ್ಲು. ಎಲೆ ಹಾಕಿ ಬಡಿಸಿದ್ಲು. ಅವ್ನು ಕಣ್ಣೀರು ಸುರಿಸ್ಕೊಂಡು ಉಂಡ, ತಪ್ಪಾಯ್ತು ಅಂದ. ಶುಭಂ!"

ಹೆಂಗಸರೆಲ್ಲ ಮೂಗು ಸೀಟಿದರು. ಪದ್ಮಕ್ಕನೂ ಕಣ್ಣೊರೆಸಿಕೊಂಡಳು.

ಅವಳ ಗಂಡ ಮಾಲೂರಿನ ಕಡೆಯವನು, ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ನೋಡಲು ಲಕ್ಷಣವಾಗಿದ್ದ, ಮಾತಂತೂ ಬೆಣ್ಣೆ. ಮದುವೆಯಾದ ವರ್ಷದೊಳಗೆ ಗೊತ್ತಾಯಿತು, ಗೂಡಿನ ಹಿಂದಿನ ಬೀದಿಯಲ್ಲೇ ಅವನಿಗೆ ಮೊದಲ ಹೆಂಡತಿ ಇದ್ದಾಳೆ, ಮಕ್ಕಳೂ ಇದ್ದಾರೆ. ಪದ್ಮಕ್ಕ ಯಲ್ದೂರಿಗೆ ವಾಪಸು ಬಂದಳು. ಅವನೂ ಮನಸ್ಸು ಬಂದಾಗ ಬರುತ್ತಿದ್ದ, ಉಂಡು ಮಲಗಿ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದ. ಅವನು ಯಾವಾಗ ಬಂದರೂ ಪದ್ಮಕ್ಕ ಬಾಗಿಲು ತೆಗೆದು ಎಲೆ ಹಾಕುತ್ತಿದ್ದಳು. ನಮ್ಮಮ್ಮ ಓಡಾಡಿ ಮುಳಬಾಗಿಲಿನ ಹುಡುಗಿಯರ ಹಾಸ್ಟೆಲೊಂದರಲ್ಲಿ ಅವಳಿಗೆ ಕೆಲಸ ಹುಡುಕಿದಳು. ಅಲ್ಲೇ ಇರಲು ಕೋಣೆಯನ್ನೂ ಕೊಡುತ್ತಿದ್ದರು. ಪದ್ಮಕ್ಕ ಒಪ್ಪಲಿಲ್ಲ. "ನಾನು ಹೋಗ್ಬಿಟ್ರೆ ಅವ್ರು ಬಂದಾಗ ಬಾಗ್ಲು ಯಾರು ಚಿಕ್ಕಮ್ಮಾ ತೆಗೆಯೋದು? ಒಂದಿನ ಬುದ್ಧಿ ಬರುತ್ತೆ. ಆ ಪಿಕ್ಚರ್‌ನಲ್ಲಿ ಬರ್ಲಿಲ್ವಾ?"

ಆಗ ದೊಡ್ಡಮ್ಮ ಅಲ್ಲೇ ಇದ್ದಳು. ಎದ್ದು ಹಿತ್ತಿಲಿಗೆ ಹೋದಳು. ಮಗಳ ಗತಿ ನೋಡಲಾರದೆ ಹೋದಳೆಂದು ನಾನು ತಿಳಿದಿದ್ದೆ. ಆ ಮದುವೆಯಾದ ಮೇಲೆ ಅವಳು ಪಿಕ್ಚರ್ ಕಥೆ ಹೇಳುವುದನ್ನೇ ಬಿಟ್ಟಳು. ಕೇಳಿದರೆ "ಮರೆತೋಯ್ತು ಕಣೇ" ಅನ್ನುತ್ತಿದ್ದಳು. ಹಾಗೇ ಒಂದು ದಿನ ಹೊರಟೂ ಹೋದಳು.

ಮೊನ್ನೆ ಟೀವಿಯಲ್ಲಿ ಅದೇ ಜಾಗ ಬಂತು. ಗಂಡ ಪೆಟ್ಟಿಗೆ ಹಿಡಿದು ಬಾಗಿಲು ತಟ್ಟಿದ. ನಾಯಕಿ ಬಂದು ತೆಗೆದಳು. ಇನ್ನೇನು ಎಲೆ ಹಾಕುತ್ತಾಳೆ ಅಂತ ನಾನು ಕಣ್ಣೊರೆಸಲು ಸಿದ್ಧವಾದೆ. ಅವಳು ಅವನನ್ನು ಒಂದು ಗಳಿಗೆ ನೋಡಿ, "ಈ ಇಂಟ್ಲೋ ನೀಕು ಚೋಟು ಲೇದು" ಎಂದಳು. ಈ ಮನೆಯಲ್ಲಿ ನಿನಗೆ ಜಾಗ ಇಲ್ಲ. ಬಾಗಿಲು ಹಾಕಿದಳು. ಆ ಮುಚ್ಚಿದ ಬಾಗಿಲಿನ ಮೇಲೆ ಅಕ್ಷರ ಮೂಡಿತು: ಶುಭಂ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳಲಿ? ದೊಡ್ಡಮ್ಮ ಕೇಡು ಬಯಸಿದವಳಲ್ಲ. ಮದುವೆ ಮನೆಯಲ್ಲಿ, ಅರಿಶಿನ ಹಚ್ಚಿಕೊಂಡ ಮಗಳ ಎದುರಿಗೆ, ಗಂಡನ ಮುಖಕ್ಕೆ ಬಾಗಿಲು ಹಾಕಿದ ಮಾತು ಆಡಬಾರದೆಂದು ಕಥೆಯನ್ನೇ ತಿರುಗಿಸಿದ್ದಳು, ಅಕ್ಕಿ ತುಂಬಿದೆ ಅನ್ನುವ ಹಾಗೆ. ಆದರೂ ಅವಳು ಬದುಕಿದ್ದಿದ್ದರೆ ಅವತ್ತು ದೊಡ್ಡ ಜಗಳವೇ ಆಗುತ್ತಿತ್ತು.

ಮಾರನೇ ದಿನ ಕೋಲಾರದಿಂದ ಯಲ್ದೂರಿನ ಬಸ್ಸು ಹತ್ತಿದೆ. ಪಿಕ್ಚರನ್ನು ಫೋನಿನಲ್ಲಿ ಹುಡುಕಿ ಇಟ್ಟುಕೊಂಡಿದ್ದೆ. ತೋರಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ನನ್ನೊಳಗೇ ವಾದ. ಯಾಕೆಂದರೆ ಭಾವ ಈಗ ಅಲ್ಲೇ ಇದ್ದಾನೆ. ಮಾಲೂರಿನ ಹೆಂಡತಿ ತೀರಿಕೊಂಡು, ಮಕ್ಕಳು ಬೇಡವೆಂದ ಮೇಲೆ, ಸೊಂಟ ಹಿಡಿದುಕೊಂಡು ಬಂದು ಪದ್ಮಕ್ಕನ ಜಗುಲಿ ಸೇರಿದ್ದಾನೆ. ಕಣ್ಣೀರು ಸುರಿಸಿ ಉಂಡವನಂತೂ ಅಲ್ಲ. ನಾನು ಹೋದಾಗ ಮಂಚದ ಮೇಲಿಂದಲೇ, "ನಿಮ್ಮಕ್ಕನಿಗೆ ಹೇಳಮ್ಮ, ಸಾರಿಗೆ ದಿನಾ ಉಪ್ಪು ಕಮ್ಮಿ" ಎಂದ. ನನ್ನ ಬಾಯಿ ಸುಮ್ಮನಿರುವುದಲ್ಲ. "ಉಪ್ಪಿನ ಡಬ್ಬಿ ಅಲ್ಲೇ ಇರುತ್ತೆ ಭಾವ, ಕೈ ಇದೆಯಲ್ಲ" ಎಂದು ಒಳಗೆ ನಡೆದೆ.

ಪದ್ಮಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಅಕ್ಕಾ, ದೊಡ್ಡಮ್ಮ ನಿನ್ನ ಮದುವೇಲಿ ಹೇಳಿದ್ಲಲ್ಲ, ಆ ಪಿಕ್ಚರು ಸಿಕ್ತು" ಎಂದೆ. ಮುಖ ಅರಳಿತು. "ಎಲ್ಲೇ, ತೋರ್ಸೇ!" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಆ ಖುಷಿ ನೋಡಿ ನನಗೆ ಕೈ ಬರಲಿಲ್ಲ. ಆದರೆ ಅಷ್ಟು ದೂರ ಬಂದು ಬಾಯಿ ಬಿಟ್ಟಾಗಿತ್ತು. ಕೊನೆಯ ಭಾಗ ಹಾಕಿದೆ.

ಅವಳು ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ನೋಡಿದಳು. ಬಾಗಿಲು ಮುಚ್ಚಿತು. ಶುಭಂ ಬಂತು.

"ಎಲೆ ಹಾಕೋದೆಲ್ಲೇ?"

"ಇಷ್ಟೇ ಅಕ್ಕಾ."

"ಅಮ್ಮ ಪೂರ್ತಿ ನೋಡಿದ್ಲಲ್ಲ?"

"ನೋಡಿದ್ಲು."

ಜಗುಲಿಯಿಂದ ಭಾವ, "ಕಾಫಿ ಏನಾಯ್ತೇ?" ಎಂದು ಕೂಗಿದ. ಪದ್ಮಕ್ಕ ಅಲುಗಾಡಲಿಲ್ಲ. "ಇನ್ನೊಂದ್ಸಲ ಹಾಕೆ, ಬಾಗ್ಲು ಹಾಕೋದು ಮಾತ್ರ" ಎಂದಳು. ಹಾಕಿದೆ. ಈ ಸಲ ಅವಳು ಕನ್ನಡಕ ತೆಗೆದು ಫೋನನ್ನು ಮುಖದ ಹತ್ತಿರ ಹಿಡಿದುಕೊಂಡಳು. ನಾಯಕಿ ಆಡಿದ ಮಾತನ್ನು ತಾನೂ ಮೆಲ್ಲಗೆ ಹೇಳಿಕೊಂಡಳು, ಬಾಯಲ್ಲಿ ಅದು ಹೇಗಿರುತ್ತದೆ ಎಂದು ನೋಡುವವಳ ಹಾಗೆ. ನನಗೆ ಅಳು ತಡೆಯಲಾಗಲಿಲ್ಲ. ತೋರಿಸಬಾರದಿತ್ತು ಅನ್ನಿಸಿತು. ಇಷ್ಟು ತಡವಾಗಿ ತೋರಿಸಬಾರದಿತ್ತು.

ಭಾವ ಮತ್ತೆ ಕೂಗಿದ. ಪದ್ಮಕ್ಕ ಮಡಿಲಿನ ಸಿಪ್ಪೆ ಕೊಡವಿ ಎದ್ದು ಒಲೆ ಹಚ್ಚಿ ಹಾಲಿಟ್ಟಳು. ನನ್ನ ಕಡೆ ತಿರುಗದೆಯೇ ಹೇಳಿದಳು:

"ಅಮ್ಮ ನಿಜ ಹೇಳಿದ್ರೂ ನಾನು ಬಾಗ್ಲು ಹಾಕ್ತಿರ್ಲಿಲ್ವೇನೋ. ಆದ್ರೆ ಹಾಕ್ಬೋದು ಅಂತಾದ್ರೂ ಗೊತ್ತಿರ್ತಿತ್ತಲ್ಲೇ."