ಕಿವಿಗೆ ಮಾತ್ರ, ಕಣ್ಣಿಗೆ ಬೇಡ

ಅಸಹ್ಯವಾದದ್ದು ಕಣ್ಣಿಗೆ ಬಿದ್ದರೆ ಅವರ ಮೂಗಿನ ಎಡ ಹೊಳ್ಳೆಯೊಂದೇ ಮೇಲೇರುತ್ತಿತ್ತು. ಬಲದ್ದು ಕದಲುತ್ತಿರಲಿಲ್ಲ. ಫರಂಗಿಪೇಟೆಯ ಹೆದ್ದಾರಿ ಬದಿಯ ಅವರ ಔಷಧಿ ಅಂಗಡಿಗೆ ಅಮ್ಮನ ಬಿಪಿ ಮಾತ್ರೆಗೆಂದು ಹೋದಾಗಲೆಲ್ಲ ನಾನು ಆ ಹೊಳ್ಳೆಯನ್ನೇ ನೋಡುತ್ತಿದ್ದೆ. ಊರಿಗೆಲ್ಲ ಅವರು ಮೆಡಿಕಲ್ ಕಾಕ.

ವೈದ್ಯರ ಚೀಟಿ ಕೈಗೆ ಬಂದರೆ ಸಾಕು, "ಇದು ಡಾಕ್ಟರ್ ಬರೆದದ್ದಾ, ಕೋಳಿ ಕೆದಕಿದ್ದಾ?" ಎನ್ನುವರು. ತಾವು ಮಾತ್ರ ಪ್ರತಿ ಪೊಟ್ಟಣದ ಮೇಲೆ ಚೀಟಿ ಅಂಟಿಸಿ ದುಂಡಗೆ ಬರೆದು, ಕೊಡುವ ಮುಂಚೆ "ಈಗ ನನಗೆ ಓದಿ ಹೇಳಿ, ಹೇಗೆ ತಗೊಳ್ತೀರಿ?" ಎಂದು ಕೇಳುವರು. ಒಮ್ಮೆ ಹೆಂಗಸೊಬ್ಬರು ಕಿವಿಯ ಮದ್ದು ಹಿಡಿದು, "ಕಣ್ಣಿಗೆ ಎರಡು ಹನಿ ಅಲ್ವಾ ಕಾಕ?" ಎಂದರು. ಕಾಕ ತಾವು ಬರೆದ 'ಎರಡು ಹನಿ' ಚೀಟಿಯನ್ನೇ ಕಿತ್ತು ಹರಿದು, 'ಕಿವಿಗೆ ಮಾತ್ರ. ಕಣ್ಣಿಗೆ ಬೇಡ' ಎಂದು ಹೊಸದಾಗಿ ಬರೆದರು. ಓದುವವರು ತಪ್ಪಿದರೆ ಚೀಟಿ ಹರಿಯುವುದು ಅವರ ಪದ್ಧತಿ.

ನನ್ನ ಕೆಲಸವೂ ಚೀಟಿ ಬರೆಯುವುದೇ. ಮೂಡುಬಿದಿರೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಈಗ ಆಸ್ಪತ್ರೆಗೆ ಫೋನ್ ಮಾಡಿದರೆ ಮಾತಾಡುವುದು ಮನುಷ್ಯರಲ್ಲ, ನಮ್ಮಂಥ ಕಂಪನಿಗಳು ಕೂರಿಸಿದ ಎಐ ಏಜೆಂಟ್. ರೋಗಿಗಳಿಗೆ ಸರದಿಯ ಸಮಯ ಕೊಡಲು, ಬದಲಿಸಲು, ರದ್ದು ಮಾಡಲು ಅದರ ಕೈಗೆ ಬೇರೆ ಬೇರೆ ಟೂಲ್, ಅಂದರೆ ಒಂದೊಂದೇ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ, ಕೊಟ್ಟಿರುತ್ತೇವೆ. ಯಾವುದು ಯಾತಕ್ಕೆಂದು ಅದಕ್ಕೆ ತಿಳಿಯುವುದು ನಾನು ಬರೆಯುವ ವಿವರಣೆಯಿಂದ ಮಾತ್ರ. ಒಂದು ಟೂಲ್ ರೋಗಿಯ ಮುಂದಿನ ಎಲ್ಲ ಸರದಿಗಳನ್ನೂ ಅಳಿಸಿಬಿಡುವಂಥದ್ದು. ಅದರ ಮೇಲೆ ನಾನು ಬರೆದದ್ದು ಒಂದೇ ಸಾಲು: 'ರೋಗಿಯ ಸರದಿಯನ್ನು ನಿರ್ವಹಿಸುತ್ತದೆ.' ಇಷ್ಟು ಸಾಕಾ ಎಂದು ಮ್ಯಾನೇಜರರನ್ನು ಕೇಳಿದ್ದೆ. "ಅದಕ್ಕೆ ಬುದ್ಧಿ ಉಂಟು ಮಾರಾಯ್ತಿ, ಅದೇ ತಿಳ್ಕೊಳ್ತದೆ" ಎಂದಿದ್ದರು. ಸಂಜೆ ಬಸ್ಸಿಗೆ ಹೊತ್ತಾಗಿತ್ತು, ನಾನೂ ಒಪ್ಪಿಕೊಂಡೆ.

ಆ ಹೊತ್ತಿಗೆ ಕಾಕನ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಡಯಾಲಿಸಿಸ್ ನಡೆಯುತ್ತಿತ್ತು. ಒಂದು ಶುಕ್ರವಾರದ ಸರದಿ ಮಧ್ಯಾಹ್ನಕ್ಕೆ ಬಿತ್ತು. ಜುಮಾ ನಮಾಜು ತಪ್ಪುತ್ತದೆಂದು ಅವರು ಆಸ್ಪತ್ರೆಗೆ ಫೋನ್ ಮಾಡಿ, ಬೆಳಿಗ್ಗೆಗೆ ಮಾಡಿಕೊಡಿ ಎಂದರು. ಏಜೆಂಟ್ ಬಲು ವಿನಯದಿಂದ ಆಗಲಿ ಎಂದಿತು, ಎಲ್ಲ ಅಳಿಸುವ ನನ್ನ ಆ ಟೂಲನ್ನೇ ಎತ್ತಿಕೊಂಡಿತು. ಬೆಳಿಗ್ಗೆ ಹೋದರೆ ಅವರ ಹೆಸರೇ ಇಲ್ಲ, ಯಂತ್ರಗಳೆಲ್ಲ ಬೇರೆಯವರಿಗೆ. ಊದಿದ ಕಾಲು, ಏದುಸಿರು ಹೊತ್ತು ಮನೆಗೆ ಬಂದವರಿಗೆ ಯಂತ್ರ ಸಿಕ್ಕಿದ್ದು ಮರುದಿನ ಸಂಜೆಗೆ.

ದೂರು ನಮ್ಮ ಆಫೀಸಿಗೆ ಬಂದಾಗ ಮ್ಯಾನೇಜರರು ಚಹಾ ಹೀರುತ್ತ, "ಎಐ ತಪ್ಪು ಮಾಡಿದೆ ಅಂತ ಬರೆದು ಕಳಿಸುವ" ಎಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಅವರನ್ನು ಕಂಡು ಹೇಸಿಗೆ, ಅವರ ಜೊತೆ ಆಡುತ್ತಿದ್ದ ನನ್ನ ತಲೆಯ ಬಗ್ಗೆ ಇನ್ನೂ ಹೇಸಿಗೆ.

ಭಾನುವಾರ ಕಾಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆ ಸಾಲು ತೋರಿಸು" ಎಂದರು. ಮೊಬೈಲಿನಲ್ಲಿ ಓದಿದರು. ಎಡ ಹೊಳ್ಳೆ ಏರಿತು, ಈ ಸಲ ನನಗಾಗಿ.

"ನಿರ್ವಹಿಸುತ್ತದೆ ಅಂದ್ರೆ ಎಂತ? ಕೊಡ್ತದಾ, ತೆಗೀತದಾ? ಓದುವವ ವಾಪಸ್ ಬಂದು ನಿನ್ನತ್ರ ಕೇಳ್ಲಿಕ್ಕುಂಟಾ?"

ಹಾಸಿಗೆಯಲ್ಲೇ ಕುಳಿತು ಕಾಗದದ ಮೇಲೆ ನನ್ನಿಂದ ಬರೆಸಿದರು, ಓದಿಸಿದರು, ಎರಡು ಸಲ ಹರಿದರು. ಮೂರನೆಯದು ಉಳಿಯಿತು: 'ಈ ರೋಗಿಯ ಮುಂದಿನ ಎಲ್ಲ ಸರದಿಗಳನ್ನೂ ಅಳಿಸುತ್ತದೆ. ಅಳಿಸಿದ ಮೇಲೆ ಮರಳಿ ಬರುವುದಿಲ್ಲ. ಸಮಯ ಬದಲಿಸಲು ಇದನ್ನು ಬಳಸಬೇಡ, ಅದಕ್ಕೆ ಬೇರೆ ಟೂಲ್ ಉಂಟು. ರೋಗಿಯನ್ನು ಕೇಳದೆ ಮುಟ್ಟಬೇಡ.'

ಮರುವರ್ಷ ಕಾಕ ತೀರಿಕೊಂಡರು. ಅಂಗಡಿಯಲ್ಲಿ ಈಗ ಬೇರೆಯವರಿದ್ದಾರೆ, ಪೊಟ್ಟಣದ ಮೇಲೆ ಏನೂ ಬರೆಯುವುದಿಲ್ಲ. ನಾನು ಮಾತ್ರ ಪ್ರತಿ ವಿವರಣೆಯನ್ನೂ ಮೊದಲು ಏಜೆಂಟಿಗೇ ಓದಲು ಕೊಟ್ಟು, ಈಗ ಹೇಳು, ಹೇಗೆ ಬಳಸುತ್ತೀ ಎಂದು ಕೇಳುತ್ತೇನೆ. ಅದು ತಪ್ಪಿದರೆ ನನ್ನ ಸಾಲನ್ನು ಅಳಿಸುತ್ತೇನೆ. ಮ್ಯಾನೇಜರರಿಗೆ ಇದು ಹೊತ್ತು ಹಾಳು.

ಆ ಭಾನುವಾರ ಅವರ ಮನೆಯಿಂದ ಹೊರಡುವಾಗ, "ಪರವಾಗಿಲ್ಲ ಅಂತ ಒಂದು ಮಾತು ಹೇಳಿ ಕಾಕ" ಎಂದು ಕೇಳಿದ್ದೆ. ಅವರು ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ನಾನು ಮತ್ತೆ ಒಂದೇ ಸಾಲು ಬರೆದು ಬಸ್ಸು ಹತ್ತುತ್ತಿದ್ದೆ.