ಕಲ್ಲಿನಲ್ಲಿ ಅವ್ವನ ಮುಖ

ಚಿತ್ತಾಪುರದ ಹತ್ತಿರ ನಮ್ಮ ವಾಡೆಯ ಪಡಸಾಲೆಯಲ್ಲಿ ಮುತ್ತಜ್ಜನ ಚಿತ್ರವೊಂದಿದೆ. ತಾಮ್ರದ ತಗಡಿನಲ್ಲಿ ಗೆರೆಗೆರೆಯಾಗಿ ಕೊರೆದು, ಹೈದರಾಬಾದಿನಲ್ಲಿ ಕಾಗದಕ್ಕೆ ಒತ್ತಿಸಿದ್ದು. ದೊಡ್ಡ ರುಮಾಲು, ಕೊರಳಲ್ಲಿ ಮುತ್ತಿನ ಸರ, ಕತ್ತಿಯ ಹಿಡಿಯ ಮೇಲೆ ಕೈ. ಅವನಿಲ್ಲದಾಗಲೂ ರೈತರು ಅದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಂತೆ. ಸೊಸೆಯಾಗಿ ಬಂದ ಅವ್ವ ಮಾತ್ರ ದಿನಾ ಧೂಳು ಒರೆಸುತ್ತ ಅದರಲ್ಲಿ ಬೇರೇನನ್ನೋ ಕಂಡಿದ್ದಳು. ಒಮ್ಮೆ ನನ್ನನ್ನು ಕರೆದು, "ಕತ್ತಿ ಬಿಡು, ಕಣ್ಣ ನೋಡು. ಭಾಳ ಅಂಜ್ಯಾನ ಮುದುಕ," ಎಂದಳು. ನೋಡಿದೆ. ರೆಪ್ಪೆಯ ಕೆಳಗಿನ ಸಣ್ಣ ಗೆರೆಗಳಲ್ಲಿ ನಿದ್ದೆಗೆಟ್ಟ ಮನುಷ್ಯನೊಬ್ಬನಿದ್ದ.

ಹೋದ ವರ್ಷ ಅವ್ವ ತೀರಿಕೊಂಡಳು. ಸಮಾಧಿಗೆ ಕರಿಕಲ್ಲಿನಲ್ಲಿ ಅವಳ ಮುಖ ಕೊರೆಸಬೇಕೆಂದು ಅಣ್ಣ ಹಟ ಹಿಡಿದ. ಅವಳೊಬ್ಬಳೇ ಇರುವ ಫೋಟೊ ಎಂದರೆ, ನನ್ನ ಮನೆಗೆ ಬಂದಾಗ ನಾನು ಸೇಡಂನ ಸ್ಟುಡಿಯೊದಲ್ಲಿ ತೆಗೆಸಿದ್ದೊಂದೇ. ಆ ಸ್ಟುಡಿಯೊ ಮುಚ್ಚಿ ಬಹಳ ಕಾಲವಾಯಿತು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಕಣ್ಣ ಕೆಳಗೆ ಕಪ್ಪು, ಬೈಸಿಕೊಂಡು ಸುಮ್ಮನಾದವಳಂಥ ಬಾಯಿ. ವಾಡೆಯಲ್ಲಿ ಅವಳು ಬದುಕಿದ್ದೇ ಹಾಗೆ.

ಫೋಟೊ ತೆಗೆದುಕೊಂಡು ಶಹಾಬಾದಿಗೆ ಹೋದೆವು. ಕೆತ್ತನೆಯವನು ಅದರ ಮೇಲೆಯೇ ಚೌಕಳಿ ಗೆರೆ ಹಾಕಿ ಕಲ್ಲಿಗೆ ಅಳತೆ ಇಳಿಸಿಕೊಂಡ. ಅಣ್ಣ ಪಕ್ಕದಲ್ಲಿ ನಿಂತು ಹೇಳುತ್ತಲೇ ಹೋದ: ಕೊರಳಿಗೆ ಸರ ಹಾಕು, ಗದ್ದ ಎತ್ತು, ಭುಜ ಅಗಲ ಮಾಡು, ದೊಡ್ಡ ಮನೆತನದ ಗತ್ತು ಕಾಣಬೇಕು. ಕಣ್ಣಿಗೆ ಬಂದಾಗ ಕೆತ್ತನೆಯವನು ಕೈ ತಡೆದು ನನ್ನತ್ತ ನೋಡಿದ.

"ಅಕ್ಕಾರ, ಈ ಕಪ್ಪು ಹಿಂಗೇ ಇರ್ಲೇನ್ರಿ?"

ಇರಲಿ ಎಂದೆ.

"ಅಳಾಕತ್ತಂಗ ಕಾಣ್ತಾಳ," ಎಂದ ಅಣ್ಣ. "ನೋಡಿದ ಮಂದಿ ಏನಂದಾರು? ತಗದ್ಹಾಕು."

"ಅಕಿ ಹಂಗೇ ಇದ್ಳು, ಅಣ್ಣಾ."

ಅವನು ಕಲ್ಲಿನತ್ತ ಬೆರಳು ತೋರಿಸಿದ. ಕೆತ್ತನೆಯವನು ತಲೆ ತಗ್ಗಿಸಿ, ಕಣ್ಣ ಕೆಳಗಿನ ಕಪ್ಪನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಬೆಳ್ಳಗೆ ಮಾಡಿದ. ನಾನು ಹೊರಗೆ ಬಂದು ಕಲ್ಲುಪುಡಿ ಹಾರುವ ರಸ್ತೆಯಲ್ಲಿ ನಿಂತೆ.

ಕಲ್ಲು ನಿಲ್ಲಿಸಿದ ದಿನ ಚಿಂಚೋಳಿಯಿಂದ ಬಂದ ನೆಂಟರು ಮುಖದಲ್ಲಿ ಏನು ಕಳೆ ಎಂದು ಹೊಗಳಿದರು. ಊಟವಾದ ಮೇಲೆ ನಾನು ಫೋಟೊ ಕೇಳಿದೆ. ಗೆರೆ ಬಿದ್ದು ಕೆಟ್ಟಿತ್ತು, ಅಲ್ಲೇ ಬಿಸಾಕಿ ಬಂದೆ ಎಂದ ಅಣ್ಣ. ಕಲ್ಲೇ ಇರುವಾಗ ಅದು ಯಾಕೆ ಎಂದೂ ಕೇಳಿದ.

ಈಗ ಅವ್ವನನ್ನು ನೆನೆದರೆ ಆ ಕಲ್ಲಿನ ಹೆಂಗಸೇ ಗದ್ದ ಎತ್ತಿಕೊಂಡು ಬರುತ್ತಾಳೆ. ಅವಳ ಹತ್ತಿರ ಹೇಳಿಕೊಳ್ಳಲು ನನಗೇನೂ ತೋಚುವುದಿಲ್ಲ.