ಒಂದು ಗೇಣು ಗಿಡ್ಡ ಜಾಲರಿ

ಆರ್ಡಿಸ್ ಟಾಲೆಫ್ಸನ್ ಹಾಕಿದ ಹೊಲಿಗೆ ಬಿಚ್ಚಿತು ಅಂತ ನಾರ್ತ್ ಡಕೋಟಾದ ಯಾವ ಗೋಧಿ ಲಾರಿಯವನೂ ದೂರು ತಂದವನಲ್ಲ. ಮದುವೆಗೆ ಮುಂಚಿನಿಂದ ಹಿಡಿದು ತಲೆ ನರೆಯುವವರೆಗೂ ಆಕೆ ಲಾರಿಗಳಿಗೆ ಟಾರ್ಪಾಲು ಹೊಲಿದಳು. ಬೆರಳುಗಳು ಎಷ್ಟು ಜಡ್ಡುಗಟ್ಟಿದ್ದವೆಂದರೆ ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಗಂಡ ವೆರ್ಲಿನ್ ಗೋದಾಮಿನ ಅಳತೆ ಕೆಲಸದಿಂದ ನಿವೃತ್ತನಾದ ಮೇಲೆ ಇಬ್ಬರೂ ಮನೆ ಮಾರಿ, ಒಲೆ, ಮಂಚ, ಬಚ್ಚಲು ಎಲ್ಲ ಒಳಗೇ ಇರುವ ಮನೆಬಸ್ಸು ಕೊಂಡರು. ಬೇಸಿಗೆಗೆ ಊರ ಕಡೆ, ಚಳಿಗಾಲಕ್ಕೆ ಅರಿಜೋನಾದ ಮರಳುಗಾಡಿನಲ್ಲಿ ಇಂಥ ಬಸ್ಸಿನವರ ಬಿಡಾರ. ಪೇಟೆಗೆ ಹೋಗಿಬರಲು ಒಂದು ಪುಟ್ಟ ಕೆಂಪು ಕಾರು ಬಸ್ಸಿನ ಬೆನ್ನಿಗೆ ಕಟ್ಟಿಸಿಕೊಂಡು ಹಿಂದೆ ಉರುಳಿ ಬರುತ್ತಿತ್ತು.

ಬಸ್ಸಿನ ಚಕ್ರ ಎರಚುವ ಜಲ್ಲಿಯೆಲ್ಲ ಹೀಗೆ ಎಳೆದೊಯ್ಯುವ ಕಾರಿನ ಮೂತಿಗೇ ಬಂದು ಬಡಿಯುವುದು. ಆರ್ಡಿಸ್ ಅದಕ್ಕೊಂದು ಉಪಾಯ ಮಾಡಿದಳು. ಗಟ್ಟಿ ಕಪ್ಪು ಜಾಲರಿ ತಂದು, ಅಂಚಿಗೆ ಜೋಡಿ ಹೊಲಿಗೆ ಹಾಕಿ, ಬಸ್ಸಿಗೂ ಕಾರಿಗೂ ನಡುವೆ ಕೊಕ್ಕೆ ಹಾಕಿ ಕಟ್ಟುವ ಪರದೆ ಹೊಲಿದಳು. ಎಷ್ಟೋ ಸಾವಿರ ಮೈಲಿ ಓಡಿದರೂ ಕಾರಿನ ಗಾಜಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಬಿಡಾರಕ್ಕೆ ಯಾರೇ ಹೊಸಬರು ಬರಲಿ, ವೆರ್ಲಿನ್ ಅವರನ್ನು ಕರೆತಂದು, "ಬಾನೆಟ್ ಮೇಲೆ ಕೈ ಆಡಿಸಿ ನೋಡಿ, ನನ್ನ ಹೆಂಡ್ತಿ ಹೊಲಿಗೆ ಅದು!" ಅನ್ನುತ್ತಿದ್ದ. ಎಷ್ಟು ಜನ ತಮಗೂ ಒಂದು ಬೇಕೆಂದು ಕೇಳಿದರೂ ಆರ್ಡಿಸ್ ಕೈನೋವಿನ ನೆಪ ಹೇಳಿ ಕಳಿಸಿದಳು. ಕೈನೋವು ಶುದ್ಧ ಸುಳ್ಳು. ಗಂಡ ಹೊಗಳುವ ಜಾಲರಿ ಊರಿಗೆಲ್ಲ ಒಂದೇ ಇರಬೇಕು ಅನ್ನುವ ಆಸೆ, ಅಷ್ಟೆ.

ಹೀಗಿರುವಾಗ ಲೂಯಿಸಿಯಾನಾದಿಂದ ಓಡೆಟ್ ಬಂದಳು. ಗಂಡ ಸತ್ತು ವರ್ಷ ತುಂಬಿತ್ತು. ಅಷ್ಟು ದೊಡ್ಡ ಬಸ್ಸನ್ನು ಒಬ್ಬಳೇ ಓಡಿಸಿಕೊಂಡು ಬಂದಿದ್ದಳು. ಬೆನ್ನಿಗೆ ಗಂಡ ಕೊನೆಯದಾಗಿ ಕೊಂಡ ಹಳದಿ ಕಾರು. ಪಾಪ, ಅದರ ಮುಖ ಸಿಡುಬಾದ ಹಾಗಿತ್ತು. ಬಾನೆಟ್ ತುಂಬ ಕಲ್ಲೇಟು, ಗಾಜು ಈ ತುದಿಯಿಂದ ಆ ತುದಿಗೆ ಬಿರುಕು.

"ಆಕೆ ಗಾಜು ಹೊಸದು ಹಾಕಿಸ್ತಾಳಂತೆ. ಬಸ್ಸಿನ ಹಿಂದೆ ಅಗಲಕ್ಕೊಂದು ರಬ್ಬರ್ ಪಟ್ಟಿ ನೇತು ಹಾಕಿಕೊಡ್ತೀನಿ," ಎಂದ ವೆರ್ಲಿನ್.

"ಹಾಕಿಕೊಡು. ಕೈಗೆ ಕೆಲಸ ಇಲ್ವಲ್ಲ ನಿಂಗೆ," ಎಂದಳು ಆರ್ಡಿಸ್.

ಅದು ಒಂದು ದಿನದ ಕೆಲಸ. ವೆರ್ಲಿನ್ ದಿನವೂ ಹೋದ. ರಬ್ಬರ್ ತೀರ ತಗ್ಗಾದರೆ ನೆಲದ ಕಲ್ಲನ್ನೇ ಕೆದಕಿ ಎಸೆಯುತ್ತದೆ ಅಂತ ಏರಿಸುವುದು, ಮತ್ತೆ ಎತ್ತರವಾಯಿತು ಅಂತ ಇಳಿಸುವುದು. ಆರ್ಡಿಸ್‌ಗೆ ಕಿಟಕಿಯಿಂದ ಕಾಣುತ್ತಿದ್ದದ್ದು ಆ ಬಸ್ಸಿನ ಕೆಳಗಿಂದ ಚಾಚಿದ ಅವನ ಬೂಟುಗಳು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಗುತ್ತಿರುವ ಓಡೆಟ್.

"ಚಿನ್ನಾ, ಸ್ವಲ್ಪ ಕಾಫಿ ಕುಡೀತೀಯಾ?" ಅನ್ನುವುದು ಇಲ್ಲಿಯವರೆಗೂ ಕೇಳಿಸುತ್ತಿತ್ತು.

ಚಿನ್ನವಂತೆ! ಓಡೆಟ್ ಕಸದ ಗಾಡಿಯವನನ್ನೂ ಚಿನ್ನ ಅನ್ನುತ್ತಿದ್ದಳು, ಅಂಚೆಯವಳನ್ನೂ ಅನ್ನುತ್ತಿದ್ದಳು. ಅದು ಆರ್ಡಿಸ್ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಒಂದೇ ಒಂದು ಚಿನ್ನ.

ಒಂದು ಮಧ್ಯಾಹ್ನ ಓಡೆಟ್ ದೊಡ್ಡ ಪಾತ್ರೆ ತುಂಬ ಬೆಂಡೆಕಾಯಿ, ಸೀಗಡಿ ಹಾಕಿದ ತನ್ನೂರಿನ ಗಟ್ಟಿ ಸಾರು ಗಂಬೋ ತಂದಳು. ಆರ್ಡಿಸ್ ಓವನ್ನಿನಲ್ಲಿ ಬೇಯಿಸಿದ್ದ ಆಲೂಗಡ್ಡೆ ಹಾಟ್‌ಡಿಷ್ ಮೇಜಿನ ಮೇಲೆ ಆರುತ್ತ ಕೂತಿತ್ತು. ವೆರ್ಲಿನ್ ಗಂಬೋವನ್ನು ಎರಡು ಸಲ ಹಾಕಿಸಿಕೊಂಡ. ಅನ್ನದ ಜೊತೆ ಕಲಸಿ, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದ. ಓಡೆಟ್ ಅತ್ತ ಹೋಗಿದ್ದೇ ತಡ, ಮಾತು ತೆಗೆದ.

"ರಬ್ಬರ್ ಒಂದೇ ಸಾಲಲ್ಲ ಆರ್ಡಿಸ್. ಆಕೆಗೂ ಒಂದು ಜಾಲರಿ ಹೊಲಿದುಕೊಡು. ಅಳತೆ ತಂದಿದ್ದೀನಿ."

ಆರ್ಡಿಸ್ ಆರಿಹೋದ ಹಾಟ್‌ಡಿಷ್ ಪಾತ್ರೆಯನ್ನು ಸರ್ರನೆ ತನ್ನ ಕಡೆ ಎಳೆದುಕೊಂಡಳು. ಇಷ್ಟು ದಿನ ಹೋದದ್ದು ಅವನ ಕೈ. ಈಗ ತನ್ನ ಕೈಯೂ ಆ ಹೆಂಗಸಿನ ಸೇವೆಗೆ ಹೋಗಬೇಕು!

"ಆಗ್ಲಿ ಬಿಡು," ಎಂದಳು. ವೆರ್ಲಿನ್ ಹುಬ್ಬೇರಿಸಿದ. ಜಗಳವಿಲ್ಲದೆ ಒಪ್ಪುತ್ತಾಳೆಂದು ಅವನು ಅಂದುಕೊಂಡಿರಲಿಲ್ಲ.

ಅವನು ಹೇಳಿದ ಅಳತೆಗಿಂತ ಒಂದು ಗೇಣು ಗಿಡ್ಡ ಕತ್ತರಿಸಿದಳು ಆರ್ಡಿಸ್. ತಪ್ಪಿ ಅಲ್ಲ, ಬೇಕೆಂದೇ. ಬಸ್ಸು ನೆಟ್ಟಗೆ ಹೋಗುವಾಗ ಅದು ಬಿಗಿಯಾಗಿ ಚೆಂದವಾಗಿಯೇ ಕಾಣುತ್ತದೆ. ಆದರೆ ತಿರುಗುವಾಗ ಒಂದು ಬದಿಯಲ್ಲಿ ಬಸ್ಸಿಗೂ ಕಾರಿಗೂ ನಡುವಿನ ಅಂತರ ಹಿಗ್ಗುತ್ತದೆ; ಜಾಲರಿಗೆ ಅಷ್ಟು ಸಡಿಲ ಇರಲೇಬೇಕು. ಇಲ್ಲದಿದ್ದರೆ ಮೊದಲ ಪೆಟ್ರೋಲ್ ಬಂಕಿನ ತಿರುವಿನಲ್ಲೇ ಕೊಕ್ಕೆಗಳು ಕಾರಿನ ದೀಪಗಳನ್ನು ಕಿತ್ತುಕೊಂಡು ಬರುತ್ತವೆ. ಬರಲಿ ಅಂದುಕೊಂಡಳು. ಹೊಲಿಗೆ ಮಾತ್ರ ಎಂದಿನ ಜೋಡಿ ಹೊಲಿಗೆಯೇ. ಕೆಟ್ಟದಾಗಿ ಹೊಲಿಯುವುದು ಅವಳ ಕೈಗೆ ಬರುತ್ತಿರಲಿಲ್ಲ.

ಬಿಸಿಲು ಏರತೊಡಗಿತು, ಬಿಡಾರ ಕರಗತೊಡಗಿತು. ಟಾಲೆಫ್ಸನ್ ದಂಪತಿ ಮತ್ತು ಓಡೆಟ್ ಒಂದೇ ಬೆಳಗ್ಗೆ ಹೊರಡಲು ಅಣಿಯಾದರು. ತನ್ನ ಕೆಂಪು ಕಾರನ್ನು ಕಟ್ಟಿ ಮುಗಿಸಿದ ವೆರ್ಲಿನ್ ಓಡೆಟ್‌ಳ ಕಾರು ಕಟ್ಟಲು ಹೋದ.

ಈ ಮನೆಬಸ್ಸಿನವರಲ್ಲಿ ಒಂದು ಕಟ್ಟುಪಾಡಿದೆ. ಯಾರಾದರೂ ಕಾರು ಕಟ್ಟುತ್ತಿರುವಾಗ ಅವರನ್ನು ಮಾತಾಡಿಸಕೂಡದು. ಒಂದು ಮಾತಿಗೆ ತಲೆ ಎತ್ತಿ ಒಂದು ಪಿನ್ನು ಮರೆತರೆ, ಕಾರು ಹೆದ್ದಾರಿಯಲ್ಲಿ ತನ್ನ ದಾರಿ ತಾನು ಹಿಡಿಯುತ್ತದೆ. ಹೆಂಡತಿಗೆ ಸಿಟ್ಟು ಬಂದಿದ್ದರೂ ಕೊನೆಯ ಕೊಕ್ಕೆ ಬೀಳುವವರೆಗೆ ಕಾಯುತ್ತಾಳೆ.

ಅದಕ್ಕೇ ಓಡೆಟ್ ಅವನ ಹತ್ತಿರ ನಿಲ್ಲದೆ ಆರ್ಡಿಸ್ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಒಂದು ಮಾತು ಹೇಳ್ಲಾ ಚಿನ್ನಾ? ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು."

"ಏನಂದ್ರಿ?"

"ನಿಮ್ಮ ಗಂಡಂದು ದಿನಾ ಬಸ್ಸಿನ ಕೆಳಗೆ ಮಲಗಿ ಒಂದೇ ರಾಗ. ಆರ್ಡಿಸ್ ಆದ್ರೆ ಹೀಗೆ ಮಾಡ್ತಿದ್ಲು, ಆರ್ಡಿಸ್ ಇದನ್ನ ನೋಡಿದ್ರೆ ಬಯ್ತಿದ್ಲು. ಕಾಫಿ ಕೊಟ್ರೆ, ಆರ್ಡಿಸ್ ಕಾಫಿ ಇದಕ್ಕಿಂತ ತೆಳು ಅಂತ. ನನ್ನ ಗಂಡ ಒಳ್ಳೆಯೋನೇ. ಆದ್ರೆ ಹೊರಗಿನೋರ ಮುಂದೆ ನನ್ನ ಹೆಸರು ಎತ್ತಿದ್ದು ನಾ ಕೇಳಿಲ್ಲ. ಈಗ ಕೇಳೋಣ ಅಂದ್ರೆ ಅವನೇ ಇಲ್ಲ." ಓಡೆಟ್ ಹಳದಿ ಕಾರನ್ನೇ ನೋಡುತ್ತಿದ್ದಳು. "ಇದೊಂದು ಉಳಿಸಿಕೊಂಡು ಹೋಗ್ತಿದ್ದೀನಿ. ನೀವು ಹೊಲಿದುಕೊಟ್ರಲ್ಲ, ಇನ್ನು ಚಿಂತೆ ಇಲ್ಲ."

ಆರ್ಡಿಸ್ ಅತ್ತ ತಿರುಗಿದಳು. ಅಲ್ಲಿ ವೆರ್ಲಿನ್ ಮಂಡಿಯೂರಿ ಜಾಲರಿಯನ್ನು ಎಳೆದೆಳೆದು ಬಿಗಿಯುತ್ತಿದ್ದ. ಉಳಿದದ್ದು ಒಂದೇ ಕೊಕ್ಕೆ.

"ವೆರ್ಲಿನ್! ಕೈ ತೆಗಿ!"

ಸುತ್ತಲಿನ ಕುರ್ಚಿಗಳಲ್ಲಿ ಕೂತವರೆಲ್ಲ ತಿರುಗಿದರು. ಒಬ್ಬ ಮುದುಕ, "ಏಯ್, ಕಟ್ಟುವಾಗ ಮಾತಾಡಿಸ್ತೀಯೇನಮ್ಮಾ!" ಎಂದು ಗದರಿಸಿದ.

"ಅದು ಗಿಡ್ಡ ಇದೆ," ಎಂದಳು ಆರ್ಡಿಸ್, ಎಲ್ಲರಿಗೂ ಕೇಳುವಂತೆ. "ನಾನು ಹೊಲಿದದ್ದು ಗಿಡ್ಡ. ಬಿಚ್ಚು."

ಅವಳ ಕೈಕೆಲಸದ ಹೆಸರು ಅಲ್ಲೇ, ಆ ಮರಳಲ್ಲೇ ಬಿತ್ತು. ನೆಟ್ಟಗೆ ಕೆಂಪು ಕಾರಿನ ಹತ್ತಿರ ಹೋಗಿ ತನ್ನ ಹಳೆಯ ಜಾಲರಿ ಬಿಚ್ಚಿ ತಂದಳು. ಎರಡು ಬಸ್ಸುಗಳ ಅಳತೆಯೂ ಹೆಚ್ಚುಕಡಿಮೆ ಒಂದೇ. ಓಡೆಟ್ ತಬ್ಬಿಕೊಂಡಾಗ ಮರದ ಕೊರಡಿನಂತೆ ನಿಂತಿದ್ದಳು. ವೆರ್ಲಿನ್ ಹಳೆಯ ಜಾಲರಿ ಕಟ್ಟಿ, ಗಿಡ್ಡದ್ದನ್ನು ಮಡಚಿ ತಮ್ಮ ಬಸ್ಸಿನೊಳಗಿಟ್ಟ.

ಮಧ್ಯಾಹ್ನ ಊಟಕ್ಕೆ ರಸ್ತೆ ಪಕ್ಕ ನಿಲ್ಲಿಸಿದಾಗ ನೋಡಿದರು. ಕೆಂಪು ಕಾರಿನ ಗಾಜಿನ ನಟ್ಟನಡುವೆ ಕಡಲೆಕಾಳಿನಷ್ಟು ದೊಡ್ಡ ಕಲ್ಲೇಟು. ವೆರ್ಲಿನ್ ಅದರ ಮೇಲೆ ಹೆಬ್ಬೆರಳು ಆಡಿಸಿದ.

"ನೀನು ಬಟ್ಟೆ ಒಗೆಯೋಕೆ ಹೋದಾಗ ಆ ಹೊಸ ಜಾಲರಿ ಅಳೆದು ನೋಡಿದ್ದೆ," ಎಂದ. "ಒಂದು ಗೇಣು ಗಿಡ್ಡ."

ಆರ್ಡಿಸ್ ಗಕ್ಕನೆ ಅವನತ್ತ ತಿರುಗಿದಳು. "ಗೊತ್ತಿದ್ದೂ ಕಟ್ತಿದ್ದೆಯಾ?"

"ಕೊನೇ ಕೊಕ್ಕೆ ಹಾಕ್ತಿರ್ಲಿಲ್ಲ. ನೀನೇ ಹೇಳ್ತೀಯೇನೋ ಅಂತ ನಿಧಾನ ಮಾಡಿದೆ."

"ಹೇಳದೆ ಇದ್ದಿದ್ರೆ?"

"ಅಳತೆ ತಂದವನು ನಾನಲ್ವಾ? ನಾನೇ ತಪ್ಪಾಗಿ ಅಳೆದೆ ಅಂತ ಎಲ್ಲರ ಮುಂದೆ ಹೇಳ್ತಿದ್ದೆ."

ಆರ್ಡಿಸ್ ಮುಖ ತಿರುಗಿಸಿಕೊಂಡಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಲವತ್ತು ವರ್ಷ ಗೋದಾಮಲ್ಲಿ ಅಳೆದೋನು ನೀನು. ನಿನ್ನ ಅಳತೆ ತಪ್ಪಿತು ಅಂದ್ರೆ ಯಾರು ನಂಬ್ತಾರೆ?"

"ಓಡೆಟ್ ನಂಬ್ತಿದ್ಲು."

"ಇನ್ನೊಂದು ಸಲ ಅವಳ ಹೆಸರು ಎತ್ತು, ನೋಡ್ತಿರು," ಎಂದಳು ಆರ್ಡಿಸ್, ಮತ್ತು ಗಿಡ್ಡ ಜಾಲರಿಗೆ ತುಂಡು ಸೇರಿಸಲು ಹೊಲಿಗೆ ಮೆಷಿನ್ ತರಲು ಒಳಗೆ ಹೋದಳು.